ಲಾಕ್‌ಡೌನ್ ಅಂದಾಗ ಮಗುಗೆ ಫೋನ್ ಮಾಡ್ಬೇಡ ಕಣೇ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ, ಕಾಫಿಗೆ ಡಿಕಾಕ್ಷನ್ ಇಳೀತಿದೆ. ಟೈಪ್ ಮಾಡ್ತಾ ಕೂತ್ರೆ ನನಗೆ ಮಧ್ಯಾಹ್ನ ಆಗುತ್ತೆ, ಅದಕ್ಕೇ ವಾಯ್ಸ್ ಮೆಸೇಜಲ್ಲಿ ಮಾತಾಡ್ತಿದೀನಿ. ಗ್ರೂಪಲ್ಲಿರೋ ಉಳಿದವರು ನಡುವೆ ದೇವರ ಫೋಟೋ ಹಾಕ್ಬೇಡಿ, ಪೂರ್ತಿ ಕೇಳಿಸ್ಕೊಳ್ಳಿ. ಅಲ್ಲಿ ಅಮೆರಿಕಾದಲ್ಲಿ ಚಿನ್ನು ಸ್ಕೂಲಲ್ಲಿ ಲಾಕ್‌ಡೌನ್ ಡ್ರಿಲ್, ಅಂದ್ರೆ ಗನ್ ಹಿಡಿದೋನು ಬಂದ್ರೆ ಬಾಗಿಲು ಹಾಕ್ಕೊಂಡು ಅಡಗೋ ಅಭ್ಯಾಸ, ಮಾಡಿಸಿದಾರೆ, ಅವತ್ತಿಂದ ಮಗು ರಾತ್ರಿ ಲೈಟ್ ಆರಿಸೋಕೆ ಬಿಡ್ತಿಲ್ಲ, ಕಾಲ್ ಮಾಡೋ ವಾಚ್ ಕೊಡಿಸ್ಲಾ, ಇಲ್ಲ ಗಂಟುಮೂಟೆ ಕಟ್ಕೊಂಡು ಬೆಂಗಳೂರಿಗೇ ಬಂದ್ಬಿಡ್ಲಾ ಅಂತ ಕೇಳಿದೀಯ. ಅದಕ್ಕೆ ಶಿವಮೊಗ್ಗದ ಅಣ್ಣ ‘ಬಂದ್ಬಿಡು’ ಅಂತ ಒಂದೇ ಪದ ಹಾಕಿ ಕೈಮುಗಿಯೋ ಚಿತ್ರ ಹಾಕಿದಾನೆ. ಅವನ ವಿಷಯ ಆಮೇಲೆ ಮಾತಾಡ್ತೀನಿ.

ಮೊದಲು ಒಂದು ಮಾತು ಕೇಳು. ಲಾಕ್‌ಡೌನ್ ಅಂತ ಸ್ಕೂಲಿಂದ ಮೆಸೇಜ್ ಬಂತು ಅಂದ್ರೆ ಮಗುಗೆ ಫೋನ್ ಮಾಡ್ಬೇಡ. ಕಾರ್ ಹತ್ಕೊಂಡು ಓಡ್ಬೇಡ. ಇದನ್ನ ನಾನು ಪುಸ್ತಕದಲ್ಲಿ ಓದಿ ಹೇಳ್ತಿಲ್ಲ.

ನಾನು ಅಮೆರಿಕಾದಲ್ಲಿ ಮಿಡಲ್ ಸ್ಕೂಲಲ್ಲಿ ಗಣಿತ ಪಾಠ ಮಾಡ್ತಿದ್ದಿದ್ದು ನಿಮಗೆಲ್ಲ ಗೊತ್ತೇ ಇದೆ. ಕೋವಿಡ್‌ಗೆ ಮುಂಚೆ, ಏಳನೇ ಕ್ಲಾಸು, ರೇಶಿಯೋ ನಡೀತಿತ್ತು. ಮೈಕಲ್ಲಿ ‘ಲಾಕ್‌ಡೌನ್, ಲಾಕ್ಸ್, ಲೈಟ್ಸ್, ಔಟ್ ಆಫ್ ಸೈಟ್’ ಅಂತ ಬಂತು. ಡ್ರಿಲ್ ಆದ್ರೆ ‘ಇದು ಡ್ರಿಲ್’ ಅಂತ ಮೊದಲೇ ಹೇಳ್ತಿದ್ರು. ಅವತ್ತು ಹೇಳಲಿಲ್ಲ. ಮಕ್ಕಳಿಗೂ ಅದು ತಕ್ಷಣ ಗೊತ್ತಾಯ್ತು, ನನ್ನ ಮುಖ ನೋಡಿದ್ರು. ಬಾಗಿಲು ಲಾಕ್ ಮಾಡಿದೆ, ಗಾಜಿಗೆ ಕಪ್ಪು ಕಾಗದ ಇಳಿಬಿಟ್ಟೆ, ಲೈಟ್ ಆರಿಸಿದೆ, ಬಾಗಿಲಿಂದ ಕಾಣದ ಮೂಲೆಗೆ ಎಲ್ಲರನ್ನೂ ಕೂರಿಸಿದೆ. ಆ ಮೂಲೆಲಿ ಒಂದು ಬಕೆಟ್ಟು, ಒಂದು ಚೀಲ ಬೆಕ್ಕಿನ ಮರಳು ಯಾವಾಗ್ಲೂ ಇಟ್ಟಿರ್ತಿದ್ವಿ. ಗಂಟೆಗಟ್ಲೆ ಕೂರಬೇಕಾಗಿ ಬಂದ್ರೆ ಮಕ್ಕಳಿಗೆ ಒಂದಕ್ಕೆ ಬೇಕಲ್ಲ. ಬಿ.ಎಡ್. ಮಾಡುವಾಗ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಉಸಿರು ಬಿಡೋದೂ ಕೇಳಿಸುವಷ್ಟು ಮೌನ. ಅಷ್ಟರಲ್ಲಿ ಬ್ಯಾಗ್‌ಗಳ ರಾಶಿಲಿ ಯಾರದೋ ಫೋನು ಹೊಡ್ಕೊಳ್ತು. ಬ್ಯಾಗ್‌ಗಳು ಎಲ್ಲಿದ್ವು? ಬಾಗಿಲ ಪಕ್ಕದಲ್ಲೇ! ಪೂರ್ತಿ ಹೊಡ್ಕೊಂಡು ನಿಂತಿತು, ಮತ್ತೆ ಶುರುವಾಯ್ತು. ಒಬ್ಬ ಹುಡುಗ ‘ಮೈ ಮಾಮ್’ ಅಂತ ಪಿಸುಗುಟ್ಟಿದ, ಅವನ ಗಲ್ಲ ನಡುಗ್ತಿತ್ತು. ಅವನ ಅಮ್ಮ ಯಾವುದೋ ಗ್ರೂಪಲ್ಲಿ ಸುದ್ದಿ ನೋಡಿ ಮೇಲಿಂದ ಮೇಲೆ ಕಾಲ್ ಮಾಡ್ತಿದ್ಲು. ನಾನು ನೆಲದ ಮೇಲೆ ತೆವಳ್ಕೊಂಡು ಹೋದೆ. ಈ ಮಂಡಿ ಇಟ್ಕೊಂಡು! ಯಾವ ಬ್ಯಾಗು ಅಂತ ಕತ್ತಲಲ್ಲಿ ಹೇಗೆ ಗೊತ್ತಾಗುತ್ತೆ? ಕಡೆಗೆ ಆ ರಾಶಿ ಮೇಲೇ ಕವುಚಿ ಮಲಗಿದೆ, ಸದ್ದು ಅಡಗ್ಲಿ ಅಂತ. ಹೊಟ್ಟೆ ಕೆಳಗೆ ಅದು ಗುಂಯ್ ಅಂತಿರಬೇಕಾದ್ರೆ ಹೊರಗೆ ಬೂಟಿನ ಸದ್ದಾಯ್ತು. ಬಾಗಿಲ ಹಿಡಿ ಒಂದ್ಸಲ ಅಲ್ಲಾಡಿತು. ಆಮೇಲೆ ಬೂಟು ಮುಂದಕ್ಕೆ ಹೋಯ್ತು.

ಪೊಲೀಸ್ನೋರು ಕಣೇ. ಲಾಕ್ ಆಗಿದೆಯಾ ಅಂತ ಒಂದೊಂದೇ ಬಾಗಿಲು ನೋಡ್ಕೊಂಡು ಹೋಗ್ತಿದ್ರು. ಆದ್ರೆ ಒಳಗಿರೋರಿಗೆ ಅದು ಹೇಗೆ ಗೊತ್ತಾಗಬೇಕು? ಪೊಲೀಸ್ ಅಲ್ಲದೆ ಇನ್ಯಾರೋ ಆಗಿದ್ರೆ, ಇಡೀ ಸಾಲಲ್ಲಿ ಮಕ್ಕಳಿರೋ ಕೋಣೆ ಯಾವುದು ಅಂತ ಆ ಫೋನೇ ಕರೆದು ತೋರಿಸ್ತಿತ್ತು. ಹೊರಗಡೆ ಕಥೆ ಇನ್ನೂ ಚೆಂದ. ಅಪ್ಪ ಅಮ್ಮಂದಿರ ಕಾರುಗಳು ರಸ್ತೆಯ ಎರಡೂ ಕಡೆ ನಿಂತು, ಆಂಬುಲೆನ್ಸ್ ಬರೋಕೆ ದಾರಿನೇ ಇರಲಿಲ್ಲವಂತೆ. ಅವತ್ತು ಆಂಬುಲೆನ್ಸ್ ಬೇಕಾಗಲಿಲ್ಲ, ನಮ್ಮ ಪುಣ್ಯ.

ಟೆಕ್ಸಾಸಿನ ಯುವಾಲ್ಡೆ ಸ್ಕೂಲಲ್ಲಿ ಗುಂಡು ಹಾರಿದಾಗ ಮಕ್ಕಳು ಕ್ಲಾಸಿನೊಳಗಿಂದ ಫೋನ್ ಮಾಡಿದ್ರಲ್ಲ ಅಂತ ನಿನ್ನ ಗಂಡ ಕೇಳ್ತಾನೆ, ನನಗೆ ಗೊತ್ತು, ಅವನು ವಾದಕ್ಕೆ ಬಿಡೋನಲ್ಲ. ಹೌದಪ್ಪ, ಮಾಡಿದ್ರು. ಅಲ್ಲಿನ ತುರ್ತು ನಂಬರ್ 911ಗೆ ಮಾಡಿದ್ರು, ಪಿಸುಮಾತಲ್ಲಿ. 2022ರ ಮೇ ತಿಂಗಳು ಅದು, ಹತ್ತೊಂಬತ್ತು ಮಕ್ಕಳು, ಇಬ್ಬರು ಟೀಚರ್‌ಗಳು ಹೋದ್ರು. ಪೊಲೀಸ್ನೋರು 77 ನಿಮಿಷ ಆ ಕೋಣೆಗೆ ನುಗ್ಗಲಿಲ್ಲ. ಅದಕ್ಕೆ ಏನ್ ಹೇಳೋದು, ನನಗೆ ಮಾತೇ ಬರಲ್ಲ. ಆದ್ರೆ ಒಳಗಿನ ಮಗು ಹೊರಗೆ ಫೋನ್ ಮಾಡೋದೇ ಬೇರೆ, ಹೊರಗಿನ ಅಮ್ಮ ಒಳಗೆ ಫೋನ್ ಮಾಡೋದೇ ಬೇರೆ. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಅಡುಗೆಮನೆಲಿ ಬರೆದು ಅಂಟಿಸ್ಕೊ: ಲಾಕ್‌ಡೌನ್ ಅಂದಾಗ ಮಗುಗೆ ಫೋನ್ ಮಾಡ್ಬೇಡ. ನಿನ್ನ ಜೀವ ಬಾಯಿಗೆ ಬಂದಿರುತ್ತೆ, ಆದ್ರೂ ಮಾಡ್ಬೇಡ.

2024ರಲ್ಲಿ ನಾನು ರಿಟೈರ್ ಆಗಿ ಇಲ್ಲೇ ಮೈಸೂರಲ್ಲಿದ್ದೆ. ಗೌರಿ ಹಬ್ಬಕ್ಕೆ ಎರಡು ದಿನ ಇತ್ತು, ಮೊರದ ಬಾಗಿನ ಜೋಡಿಸ್ತಾ ಕೂತಿದ್ದೆ. ಜಾರ್ಜಿಯಾದ ಅಪಲಾಚಿ ಹೈಸ್ಕೂಲಲ್ಲಿ ಒಬ್ಬ ಹುಡುಗ ಗುಂಡು ಹಾರಿಸಿದ ಸುದ್ದಿ ಬಂತು. ನಿಮ್ಮೂರು ಕಮ್ಮಿಂಗ್‌ನಿಂದ ಎಷ್ಟು ದೂರ ಆ ಸ್ಕೂಲಿರೋ ವೈಂಡರ್, ಒಂದು ಗಂಟೆ ಹಾದಿ. ಇಬ್ಬರು ಮಕ್ಕಳು, ಇಬ್ಬರು ಟೀಚರ್‌ಗಳು ಹೋದ್ರು. ಟೀಚರ್‌ಗಳಿಬ್ಬರೂ ಗಣಿತದವರು. ಕುಂಕುಮದ ಪೊಟ್ಟಣ ಕೈಲಿ ಹಾಗೇ ಇತ್ತು, ನಮ್ಮಮ್ಮ ‘ಏನಾಯ್ತೇ’ ಅಂದ್ರೆ ಹೇಳೋಕಾಗಲಿಲ್ಲ. ಆ ಹುಡುಗ ಆಲ್ಜಿಬ್ರಾ ಕ್ಲಾಸಿಂದ ಎದ್ದು ಹೋಗಿ, ವಾಪಸ್ ಬಂದು ಬಾಗಿಲು ತಟ್ಟಿದನಂತೆ. ತೆಗೆಯೋಕೆ ಎದ್ದ ಹುಡುಗಿ ಗನ್ ನೋಡಿ ಹಿಂದಕ್ಕೆ ಬಂದ್ಲು. ಬಾಗಿಲು ತಾನಾಗೇ ಲಾಕ್ ಆಗೋ ಥರದ್ದು, ಆ ಕ್ಲಾಸು ಉಳೀತು. ಮೇಷ್ಟ್ರುಗಳ ಕೊರಳಿನ ಐಡಿ ಕಾರ್ಡಲ್ಲೇ ಒತ್ತೋ ಬಟನ್ ಇತ್ತು, ಒತ್ತಿದ್ರೆ ಪೊಲೀಸರಿಗೆ ಸುದ್ದಿ ಹೋಗೋದು. ಅದು ಬಂದು ಒಂದು ವಾರ ಆಗಿತ್ತಷ್ಟೆ. ಅಲ್ಲೂ ಅಷ್ಟೇ ನೋಡು, ರಸ್ತೆ ತುಂಬಿ ಅಪ್ಪ ಅಮ್ಮಂದಿರು ಕಾರು ಬಿಟ್ಟು ನಡ್ಕೊಂಡು ಹೋದ್ರು.

ಈಗ ಅಣ್ಣನ ವಿಷಯ. ಅಣ್ಣ, ಕೇಳಿಸ್ಕೊ, ಕೋಪ ಮಾಡ್ಕೋಬೇಡ. ಆ ಫೋನಿನ ದಿನ ಸಂಜೆ ನಾನು ಮನೆಗೆ ಬಂದು ಸ್ನಾನ ಮಾಡಿ ನಿನಗೇ ಮೊದಲು ಫೋನ್ ಮಾಡಿದ್ದು. ಇಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ‘ಹೀಗಾಯ್ತು ಕಣೋ’ ಅಂದೆ. ‘ಹೌದಾ, ಪರವಾಗಿಲ್ಲ ಬಿಡು, ಏನೂ ಆಗಲಿಲ್ಲವಲ್ಲ’ ಅಂದು, ಅರ್ಧ ಗಂಟೆ ಬೋಗಾದಿ ಸೈಟಿನ ಖಾತೆ ಮಾತಾಡಿದೆ. ಸಹಿ ಮಾಡೋಕೆ ಯಾವಾಗ ಬರ್ತೀಯ, ಪವರ್ ಆಫ್ ಅಟಾರ್ನಿ ಯಾವಾಗ ಕಳಿಸ್ತೀಯ. ನಾನು ನೆಲದ ಮೇಲೆ ಬ್ಯಾಗ್ ಅಪ್ಪಿಕೊಂಡು ಮಲಗಿ ಬಂದಿದೀನಿ, ನಿನಗೆ ಖಾತೆ! ಈಗ ಒಂದು ಡ್ರಿಲ್‌ಗೆ ‘ಬಂದ್ಬಿಡು’ ಅಂತೀಯ. ಪುಟ್ಟಿ ಮನೆ ಸಾಲ, ಅವಳ ಗಂಡನ ವೀಸಾ, ಮಗು ಸ್ಕೂಲು ಎಲ್ಲಾ ಒಂದು ಪದದಲ್ಲಿ ಮುಗಿದುಹೋಯ್ತಾ? ಮದುವೆ ಮನೆಗಳಲ್ಲಿ ನನ್ನ ಪರಿಚಯ ಹೇಗೆ ಮಾಡಿಸ್ತಿದ್ರಿ, ನೆನಪಿದೆಯಾ? ‘ಇವಳ ಗಂಡ ದೊಡ್ಡ ಕಂಪನಿ, ಇವಳು ಅಲ್ಲಿ ಸುಮ್ನೆ ಸ್ಕೂಲ್ ಟೀಚರ್ರು.’ ಸುಮ್ನೆ! ಆ ಸುಮ್ನೆ ಕೆಲಸಕ್ಕೆ, ಸ್ಕೂಲ್ ಬೋರ್ಡ್ ಒಪ್ಪಿದ್ರೆ ಮೇಷ್ಟ್ರುಗಳೂ ಗನ್ ಇಟ್ಕೊಳ್ಳಬಹುದು ಅಂತ ಜಾರ್ಜಿಯಾದಲ್ಲಿ 2014ರಲ್ಲೇ ಕಾನೂನು ಮಾಡಿದಾರೆ. ಮಾರ್ಕರ್ ಪೆನ್ನು ನನ್ನ ದುಡ್ಡಲ್ಲಿ ತರ್ತಿದ್ದೆ, ಗನ್ ಬೇರೆ ಹಿಡ್ಕೊಬೇಕಂತೆ. ಸಾಕು ಬಿಡಿ, ಹೇಳ್ತಾ ಹೋದ್ರೆ ಬಿ.ಪಿ. ಏರುತ್ತೆ.

ಡಿಕಾಕ್ಷನ್ ಆರಿಹೋಯ್ತು. ಇರು, ನೀನು ಕೇಳಿದ್ದು ವಾಚಲ್ವಾ? ವಾಚ್ ಬೇಡ. ಕಾರಣ ಆಗಲೇ ಹೇಳಿದೀನಿ. ಅಲ್ಲದೆ ಎಂಟನೇ ಕ್ಲಾಸ್ ತನಕ ಸ್ಕೂಲಲ್ಲಿ ಫೋನು ಬೇಡ ಅಂತ ಜಾರ್ಜಿಯಾದಲ್ಲಿ 2025ರಲ್ಲಿ ಕಾನೂನೇ ಆಯ್ತಲ್ಲ, ಟೀಚರ್ ಹತ್ರ ಕೇಳಿ ನೋಡು. ನೀನು ಮಾಡಬೇಕಾದ್ದು ಆಫೀಸಿಗೆ ಹೋಗಿ ನಂಬರ್ ಸರಿಮಾಡಿಸೋದು. ನಿನ್ನ ಗಂಡನದು ಇನ್ನೂ ಹಳೇ ನಂಬರೇ ಇದೆ ಅಂತ ನೀನೇ ಹೇಳಿದ್ದೆ. ಅಂಥ ದಿನ ಮಕ್ಕಳನ್ನ ಬೇರೆ ಜಾಗಕ್ಕೆ ಕರ್ಕೊಂಡು ಹೋಗಿ, ಪಟ್ಟಿಲಿ ಹೆಸರಿರೋರಿಗೆ, ಫೋಟೋ ಐಡಿ ನೋಡಿ ಕೊಡ್ತಾರೆ. ಪಕ್ಕದ ಮನೆ ತೆಲುಗಿನವಳ ಹೆಸರೂ ಸೇರಿಸು. ಮೆಸೇಜ್ ಬಂದಾಗ ಅವರು ಹೇಳಿದ ಜಾಗಕ್ಕೆ ಮಾತ್ರ ಹೋಗು.

ರಾತ್ರಿ ಲೈಟು ಉರೀಲಿ ಬಿಡು, ಕರೆಂಟ್ ಬಿಲ್ ನಾನು ಕೊಡ್ತೀನಿ. ಐದು ವರ್ಷದ ಮಗು ಮುಂದೆ ಟಿವಿಲಿ ಆ ಸುದ್ದಿ ಹಾಕ್ಬೇಡ. ಬೆಂಕಿ ಡ್ರಿಲ್ ಮಾಡಲ್ವಾ, ಹಾಗೇ ಇದೂ, ಟೀಚರ್ ಹೇಳಿದ ಹಾಗೆ ಕೇಳೋದು ನಿನ್ನ ಕೆಲಸ ಅನ್ನು, ಸಾಕು. ಒಂದು ತಿಂಗಳಾದ್ರೂ ಹೀಗೇ ಇದ್ರೆ ಕೌನ್ಸೆಲರ್ ಹತ್ರ ಮಾತಾಡು.

ಅಯ್ಯೋ, ಮುಖ್ಯವಾದ್ದೇ ಮರೆತಿದ್ದೆ ನೋಡು. ಅವತ್ತು ನಮ್ಮ ಸ್ಕೂಲಲ್ಲಿ ಆಗಿದ್ದೇನು? ಒಬ್ಬ ಹುಡುಗ ತಾತನ ಪಿಸ್ತೂಲು ತಂದಿದ್ದ, ಗೆಳೆಯರಿಗೆ ತೋರಿಸೋಕೆ. ಮಂಚದ ಪಕ್ಕದ ಡ್ರಾಯರಿಂದ, ಬೀಗ ಇಲ್ಲದ್ದು. ಒಂದು ಹುಡುಗಿ ಹೋಗಿ ಕೌನ್ಸೆಲರ್‌ಗೆ ಹೇಳಿದ್ಲು, ಅದಕ್ಕೇ ಸಿಕ್ಕಿದ್ದು. ಹೆಚ್ಚಿನ ಕಡೆ ಹೀಗೇ. ಅಪಲಾಚಿ ಹುಡುಗನಿಗೆ ಅವರಪ್ಪನೇ ಕ್ರಿಸ್‌ಮಸ್‌ಗೆ ಕೊಡಿಸಿದ್ದ ಗನ್ ಅದು. ವರ್ಜೀನಿಯಾದಲ್ಲಿ 2023ರಲ್ಲಿ ಆರು ವರ್ಷದ ಮಗು ತನ್ನ ಟೀಚರ್‌ಗೇ ಗುಂಡು ಹೊಡೀತು, ಅಮ್ಮನ ಗನ್ನು. ಅಮೆರಿಕಾ ಅಧ್ಯಕ್ಷರಿಗೆ ಕಾವಲಿರೋ ಸೀಕ್ರೆಟ್ ಸರ್ವಿಸ್‌ನೋರು 2019ರಲ್ಲಿ ಲೆಕ್ಕ ತೆಗೆದಿದ್ರು, ಸ್ಕೂಲಲ್ಲಿ ಗುಂಡು ಹಾರಿಸಿದ ಹುಡುಗರಲ್ಲಿ ಮುಕ್ಕಾಲು ಪಾಲು ಅಪ್ಪ ಅಮ್ಮನ ಅಥವಾ ಹತ್ತಿರದ ನೆಂಟರ ಮನೆಯಿಂದ್ಲೇ ತಂದಿದ್ದು ಅಂತ. ಅಲ್ಲಿ ಮಕ್ಕಳು ಗುಂಡಿಗೆ ಸಾಯೋದು ಸ್ಕೂಲಿಗಿಂತ ಮನೆಗಳಲ್ಲೇ, ಬೀದಿಲೇ ಜಾಸ್ತಿ ಕಣೇ. ಚಿನ್ನು ಆಡೋಕೆ ಹೋಗೋ ಮನೆಲಿ ಗನ್ ಇದೆಯಾ ಅಂತ ಕೇಳಿದೀಯಾ ನೀನು? ಕೇಳಿರಲ್ಲ. ಸಂಕೋಚ.

ಭಾನುವಾರ ಅವಳು ಆ ಗೆಳತಿ ಮನೆಗೆ ಹೋಗ್ತಾಳೆ ಅಂದಿದ್ಯಲ್ಲ. ಅವರಮ್ಮನಿಗೆ ಇವತ್ತೇ ಮೆಸೇಜ್ ಹಾಕು. ನಾಯಿ ಇದೆಯಾ, ಈಜುಕೊಳಕ್ಕೆ ಬೇಲಿ ಇದೆಯಾ ಅಂತ ಕೇಳೋ ಜೊತೇಲೇ, ‘ಮನೆಲಿ ಗನ್ ಇದ್ರೆ ಗುಂಡು ತೆಗೆದು ಬೀಗ ಹಾಕಿಟ್ಟಿದೀರಾ, ನಾವು ಎಲ್ಲರನ್ನೂ ಕೇಳ್ತೀವಿ’ ಅಂತ ಸೇರಿಸು. ಬೇಜಾರು ಮಾಡ್ಕೊಂಡ್ರೆ ಮಕ್ಕಳು ನಿಮ್ಮನೇಲೇ ಆಡ್ಲಿ, ಚಕ್ಕುಲಿ ಕರಿದು ಕೊಡು. ಅವರು ಏನಂದ್ರು ಅಂತ ನನಗೆ ಬೇರೆ ಮೆಸೇಜ್ ಹಾಕು, ಈ ಗ್ರೂಪಲ್ಲಿ ಬೇಡ. ಅಣ್ಣ, ಆ ಖಾತೆ ಕಾಗದ ಬಂತಾ?