ಎಲ್ಲಾ ಸಾಲ್ಮನ್ ಒಂದೇ ಥರ ಕಾಣುತ್ತವೆ, ಡಿಎನ್‌ಎ ನೋಡಿ ಇದು ಇಂಥ ನದಿಯದ್ದು ಅಂತ ಹೇಗೆ ಹೇಳುತ್ತಾರೆ?

ಹೊಳೆದಂಡೆ:

ನಾನಿರುವುದು ಸಿಯಾಟಲ್ ಪಕ್ಕದ ಇಸಾಕ್ವಾದಲ್ಲಿ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮೊನ್ನೆ ಶನಿವಾರ ಇಲ್ಲಿನ ಸಾಲ್ಮನ್ ಹ್ಯಾಚರಿ (ಮೊಟ್ಟೆಯಿಂದ ಮೀನಿನ ಮರಿ ಮಾಡಿಸಿ ಬಿಡುವ ಜಾಗ) ತೋರಿಸಲು ಕರೆದುಕೊಂಡು ಹೋಗಿದ್ದೆ. ಮೊಣಕಾಲು ಮಟ್ಟದ ನೀರಿನಲ್ಲಿ ತೋಳುದ್ದದ ಚಿನೂಕ್ ಮೀನುಗಳು, ಸಾಲ್ಮನ್‌ನಲ್ಲಿ ಒಂದು ಜಾತಿ. ಬೆನ್ನಿನ ಚರ್ಮ ಎದ್ದು ಬಿಳಿ ಕಲೆ, ಬಾಲದ ಅಂಚು ಸವೆದು ಚಿಂದಿ. ಆದರೂ ನೀರಿಗೆ ಎದುರಾಗಿ ನಿಂತೇ ಇದ್ದವು. ಅಮ್ಮ ಕಂಬಿ ಹಿಡಿದುಕೊಂಡು ಅರ್ಧ ಗಂಟೆ ಅಲ್ಲಿಂದ ಅಲ್ಲಾಡಲಿಲ್ಲ. "ಸಮುದ್ರಕ್ಕೆ ಹೋಗಿ ವರ್ಷಗಟ್ಟಲೆ ಅಲೆದದ್ದಕ್ಕೆ ತನ್ನ ಹೊಳೆ ಇದೇ ಅಂತ ಹೇಗೆ ಗೊತ್ತಾಯ್ತೋ" ಅಂದರು.

ನನ್ನ ಪ್ರಶ್ನೆ ಅದಕ್ಕೆ ತಗುಲಿಕೊಂಡೇ ಇದೆ. ಆಫೀಸಿನಲ್ಲಿ ಮೀನು ಹಿಡಿಯುವ ಹುಚ್ಚಿರುವ ಒಬ್ಬರಿದ್ದಾರೆ. ನಡು ಸಮುದ್ರದಲ್ಲಿ ಸಿಕ್ಕ ಮೀನಿನ ರೆಕ್ಕೆಯ ಚೂರು ತೆಗೆದು, ಡಿಎನ್‌ಎ ನೋಡಿ, ಅದು ಯಾವ ನದಿಯಲ್ಲಿ ಹುಟ್ಟಿದ್ದು ಅಂತ ವಿಜ್ಞಾನಿಗಳು ಹೇಳುತ್ತಾರಂತೆ, ಅವರೇ ನನಗೆ ಹೇಳಿದ್ದು. ನನಗೆ ಇದೇ ತಲೆಗೆ ಹೋಗ್ತಿಲ್ಲ. ಚಿನೂಕ್ ಅಂದರೆ ಎಲ್ಲವೂ ಒಂದೇ ಜಾತಿಯ ಮೀನು ಅಲ್ವಾ? ಹಾಗಾದರೆ ನದಿಯ ವಿಳಾಸ ಡಿಎನ್‌ಎಯಲ್ಲಿ ಬರೆದಿರುತ್ತದೆಯೇ? ಮೀನು ಅದನ್ನೇ ಓದಿಕೊಂಡು ಮನೆಗೆ ಬರುತ್ತದೆಯೇ? ಗೊತ್ತಿರುವವರು ಬಿಡಿಸಿ ಹೇಳಿ, ಅಮ್ಮನಿಗೂ ಹೇಳಬೇಕು.

ಕಿವಿರು:

ನಾನು ಮೀನಿನ ಡಿಎನ್‌ಎ ಲ್ಯಾಬ್ ಒಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ಮೀನಿಗೆ ದಾರಿ ಹೇಗೆ ಗೊತ್ತಾಗುತ್ತದೆ ಅನ್ನುವುದು ಒಂದು. ಅದರ ಊರು ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವುದು ಇನ್ನೊಂದು. ಮೀನು ಡಿಎನ್‌ಎ ಓದಿಕೊಂಡು ಬರುವುದಿಲ್ಲ. ಸಮುದ್ರದಲ್ಲಿ ಭೂಮಿಯ ಕಾಂತಕ್ಷೇತ್ರದ ನೆರವು, ನದಿ ಹತ್ತಿರ ಬಂದ ಮೇಲೆ ವಾಸನೆ. ಮರಿಯಾಗಿದ್ದಾಗ ಈಜಿದ ನೀರಿನ ವಾಸನೆ ಅದಕ್ಕೆ ನೆನಪಿರುತ್ತದೆ. ಇದನ್ನು ತೋರಿಸಿಕೊಟ್ಟ ಪ್ರಯೋಗ ನಡೆದದ್ದು ನಿಮ್ಮ ಇಸಾಕ್ವಾದಲ್ಲೇ! 1950ರ ದಶಕದ ಆರಂಭದಲ್ಲಿ ಆರ್ಥರ್ ಹ್ಯಾಸ್ಲರ್ ಮತ್ತು ವಾರನ್ ವಿಸ್ಬಿ ಅಲ್ಲಿನ ತೊರೆಯ ಎರಡು ಕವಲುಗಳಿಂದ ಕೋಹೊ ಅನ್ನುವ ಇನ್ನೊಂದು ಜಾತಿಯ ಸಾಲ್ಮನ್ ಹಿಡಿದು, ಅರ್ಧದಷ್ಟಕ್ಕೆ ಮೂಗು ಮುಚ್ಚಿ, ಕವಲು ಕೂಡುವ ಜಾಗಕ್ಕಿಂತ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವು ಹೆಚ್ಚಿನಂಶ ತಮ್ಮ ಕವಲಿಗೇ ಹೋದವು. ಮೂಗು ಮುಚ್ಚಿದ್ದವು ಸಿಕ್ಕ ಸಿಕ್ಕ ಕಡೆ ಹೋದವು. ಅಮ್ಮನಿಗೆ ಇದನ್ನು ಆ ಕಂಬಿಯ ಹತ್ತಿರವೇ ನಿಲ್ಲಿಸಿ ಹೇಳಿ.

ಈಗ ಡಿಎನ್‌ಎ. ಅದರಲ್ಲಿ ವಿಳಾಸ ಬರೆದಿಲ್ಲ. ಆದರೆ ಮೀನು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ ಅಂದರೆ, ಒಂದು ಹೊಳೆಯ ಗಂಡು ಹೆಣ್ಣು ತಮ್ಮತಮ್ಮಲ್ಲೇ ಕೂಡುತ್ತವೆ ಅಂತಾಯಿತು. ಹಿಮಯುಗದ ಮಂಜು ಕರಗಿ ಈ ನದಿಗಳು ತೆರೆದುಕೊಂಡು ಹತ್ತು ಸಾವಿರ ವರ್ಷದ ಮೇಲಾಯಿತು. ಅಷ್ಟು ತಲೆಮಾರು ಹೀಗೇ ನಡೆದರೆ ಸಣ್ಣ ಸಣ್ಣ ವ್ಯತ್ಯಾಸ ತಾನಾಗಿ ಸೇರಿಕೊಳ್ಳುತ್ತದೆ. ನಮ್ಮ ಮಾತಿನ ಹಾಗೆ. ಒಬ್ಬರು ಕನ್ನಡ ಮಾತಾಡಿದರೆ ಧಾರವಾಡದವರಾ, ಕುಂದಾಪುರದವರಾ, ಮಂಡ್ಯದವರಾ ಅಂತ ಊಹಿಸುತ್ತೀರಿ ಅಲ್ವಾ? ಒಂದೇ ಪದ ಕೇಳಿದರೆ ಹೇಳಲಾಗದು, ಆ ಪದ ಎರಡು ಊರಲ್ಲೂ ಇರಬಹುದು. ಹತ್ತು ವಾಕ್ಯ ಕೇಳಿದರೆ ಅನುಮಾನ ಉಳಿಯುವುದಿಲ್ಲ.

ಡಿಎನ್‌ಎಯಲ್ಲೂ ಹಾಗೇ. ಉದಾಹರಣೆಗೆ, ಒಂದು ಜಾಗದಲ್ಲಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ 'ಎ', ಒಂದು ನದಿಯ ಮೀನುಗಳಲ್ಲಿ ನೂರಕ್ಕೆ 80, ಪಕ್ಕದ ನದಿಯಲ್ಲಿ ನೂರಕ್ಕೆ 30 ಇದೆ ಅಂದುಕೊಳ್ಳಿ. ಅದೊಂದರಿಂದ ಏನೂ ಸಾಬೀತಾಗದು. ಇಂಥ ನೂರಾರು ಜಾಗ ಒಟ್ಟಿಗೆ ನೋಡಿ ಲೆಕ್ಕ ಹಾಕಿದರೆ ಒಂದು ನದಿಯ ಕಡೆ ತಕ್ಕಡಿ ಸ್ಪಷ್ಟವಾಗಿ ವಾಲುತ್ತದೆ. ಇದಕ್ಕೆ ಮೊದಲು ಒಂದೊಂದು ನದಿಗೂ ಹೋಗಿ, ಮೊಟ್ಟೆ ಇಡುವ ಜಾಗದಲ್ಲೇ ಮೀನು ಹಿಡಿದು, ಹೋಲಿಸಲು ಒಂದು ದಾಖಲೆ ಮಾಡಿಟ್ಟುಕೊಳ್ಳಬೇಕು. ನಿಜವಾದ ಕಷ್ಟ ಇಲ್ಲಿರುವುದು. ದಾಖಲೆಯಲ್ಲಿ ಇಲ್ಲದ ನದಿಯ ಮೀನು ಸಿಕ್ಕರೆ, ಲೆಕ್ಕ ಅದನ್ನು ಇರುವ ಯಾವುದೋ ನದಿಗೆ ಸೇರಿಸಿಬಿಡುತ್ತದೆ. ಒಂದು ಕಾಲದಲ್ಲಿ ಒಂದು ಲ್ಯಾಬ್ ಓದಿದ್ದು ಇನ್ನೊಂದಕ್ಕೆ ಹೊಂದುತ್ತಲೂ ಇರಲಿಲ್ಲ. ಅಮೆರಿಕ, ಕೆನಡಾದ ಲ್ಯಾಬ್‌ಗಳು ಒಟ್ಟಿಗೆ ಕೂತು ಚಿನೂಕ್‌ಗೆ ಡಿಎನ್‌ಎಯಲ್ಲಿ 13 ಗುರುತು (ಒಂದೊಂದರಲ್ಲೂ ಹಲವು ಬಗೆ ಇರುವಂಥವು) ಗೊತ್ತು ಮಾಡಿ, ಎಲ್ಲರೂ ಒಂದೇ ರೀತಿ ಓದುವ ಹಾಗೆ ಮಾಡಿದ್ದು ಇಪ್ಪತ್ತು ವರ್ಷದ ಹಿಂದೆ ಅಷ್ಟೇ.

ಮಲ್ಪೆಯವ:

ವ್ಯಾಂಕೂವರ್‌ನಲ್ಲಿದ್ದೇನೆ, ಮೀನುಗಾರರ ಮನೆಯಿಂದ ಬಂದವನು. ಇದು ಯಾಕೆ ಬೇಕು ಅನ್ನುವುದನ್ನು ನಾನು ಹೇಳುತ್ತೇನೆ.

ನಮ್ಮ ಕಡೆ ಬಲೆ ಎಳೆದರೆ ಬಂಗುಡೆ ಯಾವುದು, ಬೂತಾಯಿ ಯಾವುದು ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಇಲ್ಲಿನ ಫ್ರೇಸರ್ ನದಿಯ ಅಳಿವೆಯಲ್ಲಿ ಬಲೆ ಹಾಕಿದರೆ ಎಲ್ಲವೂ ಸಾಕೈ ಅನ್ನುವ ಜಾತಿಯ ಸಾಲ್ಮನ್, ಬೆಳ್ಳಿ ಬಣ್ಣ, ಒಂದೇ ಆಕಾರ. ಅದರಲ್ಲಿ ಒಂದು ಫ್ರೇಸರ್‌ನ ಮೇಲ್ಗಡೆಯ ಆಡಮ್ಸ್ ನದಿಯದ್ದು, ನಾಲ್ಕು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಬರುತ್ತದೆ, ಹಿಡಿದರೆ ತೊಂದರೆ ಇಲ್ಲ. ಅದರ ಪಕ್ಕದಲ್ಲೇ ಈಜುವ ಇನ್ನೊಂದು ಕಲ್ಟಸ್ ಸರೋವರದ್ದು ಇರಬಹುದು. ಹಿಂದೆ ಹತ್ತಾರು ಸಾವಿರ ಬರುತ್ತಿದ್ದ ಆ ಗುಂಪು ಅಳಿವಿನ ಅಂಚಿಗೆ ಬಂದಿದೆ. ದೊಡ್ಡ ಗುಂಪಿನ ಜೊತೆ ಇದನ್ನೂ ಎಳೆದುಬಿಟ್ಟರೆ ಒಂದು ಸರೋವರವೇ ಖಾಲಿ. ಮೀನು ಹಿಡಿದವನ ತಪ್ಪೂ ಅಲ್ಲ ಅದು, ಅವನ ಕಣ್ಣಿಗೆ ಕಾಣುವುದೇ ಇಲ್ಲ.

ಆದ್ದರಿಂದ ಋತುವಿನಲ್ಲಿ ಮೊದಲು ಪರೀಕ್ಷೆಗೆ ಅಂತ ಕೆಲವು ಬೋಟ್ ಬಲೆ ಹಾಕುತ್ತವೆ. ಆ ಮೀನಿನ ಡಿಎನ್‌ಎ ನೋಡಿ, ಯಾವ ಗುಂಪು ಎಷ್ಟು ಬರುತ್ತಿದೆ ಅಂತ ತಿಳಿದು, ಅಮೆರಿಕ, ಕೆನಡಾ ಎರಡೂ ದೇಶದವರು ಇರುವ ಸಮಿತಿ ಸಾಮಾನ್ಯವಾಗಿ ವಾರಕ್ಕೆ ಎರಡು ಸಲ ಸೇರಿ ಹಿಡಿಯಲು ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುತ್ತದೆ. ಸುಮ್ನೆ ಅಂದಾಜಿನ ಮೇಲೆ ನಡೆಸಲು ಇಲ್ಲಿ ಆಗುವುದೇ ಇಲ್ಲ. 2009ರಲ್ಲಿ ಫ್ರೇಸರ್‌ಗೆ ಬಂದ ಸಾಕೈ ಸುಮಾರು 15 ಲಕ್ಷ, ಮರುವರ್ಷ 3 ಕೋಟಿಗೆ ಹತ್ತಿರ. ಅಷ್ಟು ಏರುಪೇರು.

ಇನ್ನೊಂದು ಮಾತು, ನಮ್ಮ ಮಾರ್ಕೆಟ್ಟಲ್ಲಿ ಇಂಡಿಯನ್ ಸಾಲ್ಮನ್ ಅಂತ ಮಾರುವ ರಾವಸ್‌ಗೂ ಈ ಸಾಲ್ಮನ್‌ಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಕೇಳುವವರು ಜಾಸ್ತಿ ಅಂತ ಹೇಳಿದೆ.

ಹೊಳೆದಂಡೆ:

ಇಬ್ಬರಿಗೂ ಥ್ಯಾಂಕ್ಸ್. ಮಾತಿನ ಉದಾಹರಣೆ ಅಮ್ಮನಿಗೆ ತಕ್ಷಣ ಅರ್ಥವಾಯಿತು. ಒಂದು ಅನುಮಾನ ಉಳಿದಿದೆ. ನಾವು ನೋಡಿದ ಕೆಲವು ಮೀನಿನ ಬೆನ್ನಿನ ಹಿಂದಿನ ಸಣ್ಣ ರೆಕ್ಕೆ ಇರಲೇ ಇಲ್ಲ, ನೀಟಾಗಿ ಕತ್ತರಿಸಿದ ಹಾಗಿತ್ತು. ಅವು ಹ್ಯಾಚರಿಯವು ಅಂತ ಅಲ್ಲಿದ್ದ ಸ್ವಯಂಸೇವಕರು ಹೇಳಿದರು. ಹಾಗೆ ಗುರುತು ಮಾಡುವುದಾದರೆ ಡಿಎನ್‌ಎ ಯಾಕೆ? ಇಸಾಕ್ವಾದ ಚಿನೂಕ್ ಸಮುದ್ರದಲ್ಲಿ ಸಿಕ್ಕರೆ ಇದು ನಮ್ಮೂರಿನದೇ ಅಂತ ಹೇಳಬಹುದೇ?

ಕಿವಿರು:

ರೆಕ್ಕೆ ಇಲ್ಲ ಅಂದರೆ ಹ್ಯಾಚರಿಯದು ಅಂತ ಗೊತ್ತಾಗುತ್ತದೆ, ಯಾವ ಹ್ಯಾಚರಿ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಕೆಲವು ಮರಿಗಳ ಮೂಗಿನ ಭಾಗಕ್ಕೆ 1.1 ಮಿಲಿಮೀಟರ್ ಉದ್ದದ ತಂತಿ ಚೂರು ಚುಚ್ಚಿರುತ್ತಾರೆ, ಅದರ ಮೇಲೆ ಸಂಕೇತ ಇರುತ್ತದೆ. ಓದಬೇಕಾದರೆ ಮೀನಿನ ತಲೆ ಕತ್ತರಿಸಬೇಕು. ಡಿಎನ್‌ಎಗೆ ಪೇಪರ್ ಪಂಚ್‌ನಿಂದ ಬಿದ್ದ ಬಿಲ್ಲೆಯಷ್ಟು ರೆಕ್ಕೆ ಸಾಕು, ಮೀನನ್ನು ವಾಪಸ್ ನೀರಿಗೆ ಬಿಡಬಹುದು. ನಾನು ಅಂಥ ಸಾವಿರಾರು ಚೂರು ಕೈಯಲ್ಲಿ ಹಿಡಿದಿದ್ದೇನೆ. ಒಣಗಿಸುವ ಕಾಗದದ ಮೇಲೆ ಸಾಲಾಗಿ ಅಂಟಿಸಿರುತ್ತಾರೆ, ಹಾಳೆ ಬಿಡಿಸಿದರೆ ಒಣ ಮೀನಿನ ವಾಸನೆ ಮುಖಕ್ಕೆ ಬಡಿಯುತ್ತದೆ.

ಎರಡನೇ ಪ್ರಶ್ನೆಗೆ ನೇರ ಉತ್ತರ: ನದಿಯ ಲೆಕ್ಕದಲ್ಲಿ ನೋಡಿದರೆ ಕಷ್ಟ. ಈ ಭಾಗದ ಬಹಳಷ್ಟು ಹ್ಯಾಚರಿಗಳಿಗೆ ದಶಕಗಳ ಕಾಲ ಸಿಯಾಟಲ್ ಬಳಿಯ ಗ್ರೀನ್ ನದಿಯ ಚಿನೂಕ್ ತಳಿಯನ್ನೇ ಹಂಚಿದರು, ಇಸಾಕ್ವಾದ್ದೂ ಅದೇ ಮೂಲ. ಹೊಳೆ ಬೇರೆ ಬೇರೆ, ಅಕ್ಷರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ಗುಂಪಿನದು ಅಂತ ಹೇಳಬಹುದು, ಇದೇ ತೊರೆ ಅಂತ ಆಣೆ ಮಾಡಲಾಗದು. ನದಿ ನದಿಗೆ ಇದ್ದ ವ್ಯತ್ಯಾಸವನ್ನು ನಾವೇ ಅಳಿಸಿದೆವು ಅನ್ನುವುದು ನನಗೆ ಇವತ್ತಿಗೂ ನೋವು.

ಇದಕ್ಕೊಂದು ದಾರಿ ಇದೆ. ಹ್ಯಾಚರಿಯಲ್ಲಿ ಮೊಟ್ಟೆ ತೆಗೆಯುವಾಗಲೇ ಎಲ್ಲಾ ತಂದೆ ತಾಯಿ ಮೀನಿನ ಡಿಎನ್‌ಎ ತೆಗೆದಿಟ್ಟರೆ, ಆಮೇಲೆ ಎಲ್ಲಿ ಮರಿ ಸಿಕ್ಕರೂ ಅಪ್ಪ ಅಮ್ಮನನ್ನೇ ಹುಡುಕಬಹುದು. ಸ್ನೇಕ್ ನದಿಯ ಹ್ಯಾಚರಿಗಳಲ್ಲಿ 2008ರಿಂದ ಹೀಗೆ ಮಾಡುತ್ತಿದ್ದಾರೆ. ಆಗ ನದಿಯಷ್ಟೇ ಅಲ್ಲ, ಹುಟ್ಟಿದ ವರ್ಷವೂ ಸಿಗುತ್ತದೆ. ಆದರೆ ಇದು ಹ್ಯಾಚರಿ ಮೀನಿಗೆ ಮಾತ್ರ, ಕಾಡು ಹೊಳೆಯಲ್ಲಿ ತಂದೆ ತಾಯಿಯನ್ನೆಲ್ಲ ಯಾರು ಹಿಡಿಯುತ್ತಾರೆ?

ಮಲ್ಪೆಯವ:

ಹಳೇ ಮೀನಿನ ಡಿಎನ್‌ಎಯೂ ಸಿಗುತ್ತದೆ, ಅದನ್ನೂ ಸೇರಿಸುತ್ತೇನೆ. ಇಲ್ಲಿ ಉತ್ತರಕ್ಕೆ ಸ್ಕೀನಾ ಅಂತ ನದಿ ಇದೆ. 1913ರಿಂದ ಅಲ್ಲಿನ ಸಾಕೈ ಮೀನಿನ ವಯಸ್ಸು ಎಣಿಸಲು ಹುರುಪೆ ಕಿತ್ತು ಇಟ್ಟಿದ್ದರು. ಮರದ ಕಾಂಡದ ಉಂಗುರದ ಹಾಗೆ ಹುರುಪೆಯಲ್ಲೂ ವರ್ಷದ ಗೆರೆ ಇರುತ್ತದೆ. ನೂರು ವರ್ಷ ಕಳೆದ ಮೇಲೆ ಆ ಒಣ ಹುರುಪೆಗಳಿಂದಲೇ ಡಿಎನ್‌ಎ ತೆಗೆದು, ಆಗ ಯಾವ ಸರೋವರದ ಮೀನು ಎಷ್ಟು ಬರುತ್ತಿತ್ತು ಅಂತ ಲೆಕ್ಕ ಹಾಕಿದರು, 2019ರಲ್ಲಿ ಪ್ರಕಟವಾಯಿತು. 13 ಗುಂಪು ನೋಡಿದರು, 13 ಕೂಡ ಕಡಿಮೆಯಾಗಿದ್ದವು. ಒಟ್ಟು ಕಾಡು ಸಾಕೈ ಸುಮಾರು ಮುಕ್ಕಾಲು ಭಾಗ ಇಳಿದಿತ್ತು. ಹುರುಪೆ ಕಿತ್ತಿಟ್ಟವರಿಗೆ ಡಿಎನ್‌ಎ ಅನ್ನುವ ಪದವೇ ಗೊತ್ತಿರಲಿಲ್ಲ. ದಿನಾಂಕ, ಜಾಗ ಸರಿಯಾಗಿ ಬರೆದು ಎತ್ತಿಟ್ಟಿದ್ದರು, ಅಷ್ಟೇ.

ಹೊಳೆದಂಡೆ:

ಇದನ್ನು ಓದಿ ಹೇಳಿದೆ. ನಾಳೆ ಇನ್ನೊಮ್ಮೆ ಹ್ಯಾಚರಿಗೆ ಹೋಗೋಣ ಅಂತಿದ್ದಾರೆ ಅಮ್ಮ. ಮೂಗು ಮುಚ್ಚಿ ಮೀನು ಬಿಟ್ಟರಲ್ಲ, ಆ ಕವಲುಗಳು ಎಲ್ಲಿ ಕೂಡುತ್ತವೆ ಅಂತ ನೋಡಬೇಕಂತೆ.