ಸಹಾಯ ಬೇಕು: ಮನೆಯಲ್ಲಿ ತಯಾರಿಸಿದ ಬಿಯರನ್ನು ಕೆಗ್‌ಗೆ (ಲೋಹದ ಪೀಪಾಯಿಗೆ) ತುಂಬಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಡೆನ್ವರ್‌ನಲ್ಲಿ. ಇಲ್ಲಿ ಸ್ವಂತಕ್ಕೆ ಬಿಯರ್ ತಯಾರಿಸಲು ಕಾನೂನಿನ ಅಡ್ಡಿಯಿಲ್ಲ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಅವಕಾಶವಿದೆ, ಮಾರುವಂತಿಲ್ಲ ಅಷ್ಟೇ. ಮಾಲ್ಟ್ (ಮೊಳಕೆ ಬಾರ್ಲಿ) ಸಾರದಿಂದ ಪೇಲ್ ಏಲ್ ಎಂಬ ತಿಳಿ ಬಣ್ಣದ ಬಿಯರ್ ಮಾಡುವುದು ಕೈಗೆ ಹತ್ತಿದೆ. ಆದರೆ ಬಾಟಲಿ ತೊಳೆದು, ಸಕ್ಕರೆ ಹಾಕಿ, ಮುಚ್ಚಳ ಒತ್ತುವ ಕೆಲಸ ಸಾಕಾಗಿದೆ. ಅದಕ್ಕೇ 5 ಗ್ಯಾಲನ್ನಿನ ಹಳೆಯ ಬಾಲ್ ಲಾಕ್ (ಕೊಳವೆಗಳನ್ನು ಒತ್ತಿ ಸಿಕ್ಕಿಸುವ ಬಗೆಯ) ಕೆಗ್, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಗ್ಯಾಸಿನ ಒತ್ತಡ ಹೊಂದಿಸುವ ರೆಗ್ಯುಲೇಟರ್ ಕೊಂಡಿದ್ದೇನೆ.

ಕೆಗ್‌ನಲ್ಲಿ ಹಿಂದೆ ಸೋಡಾ ತುಂಬಿಸುತ್ತಿದ್ದರಂತೆ. ಮುಚ್ಚಳ ತೆರೆದರೆ ಈಗಲೂ ರೂಟ್ ಬಿಯರ್ ಎಂಬ ಸೋಡಾದ ವಾಸನೆ ಗಮ್ಮೆಂದು ಮೂಗಿಗೆ ಬಡಿಯುತ್ತದೆ. ರಬ್ಬರ್ ಓ-ರಿಂಗ್‌ಗಳನ್ನೆಲ್ಲ ಬದಲಿಸಿದರೆ ಸಾಕೇ, ಒಳಗಿನ ಉದ್ದ ಕೊಳವೆಯನ್ನೂ ಬಿಚ್ಚಿ ನೆನೆಹಾಕಬೇಕೇ?

ಇನ್ನು ಬಿಯರಿಗೆ ಗ್ಯಾಸ್ ಏರಿಸುವ ಒತ್ತಡದ ವಿಷಯ. ಫ್ರಿಜ್ 38 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿದ್ದರೆ 10-12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಸಾಕು ಎನ್ನುತ್ತಾರೆ. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ; ಇಲ್ಲಿ ಗಾಳಿಯ ಒತ್ತಡವೇ ಕಡಿಮೆ. ಹಾಗಾದರೆ ಮೀಟರಿನಲ್ಲಿ ಎರಡು ಮೂರು ಪಿಎಸ್‌ಐ ಹೆಚ್ಚಿಗೆ ಇಡಬೇಕಲ್ಲವೇ? ಹೆಚ್ಚಿಸಿದರೆ ನಲ್ಲಿಯಲ್ಲಿ ಬರೀ ನೊರೆ ಸುರಿದೀತೆಂಬ ಭಯ. ಕೆಗ್‌ನಿಂದ ನಲ್ಲಿಗೆ ಹೋಗುವ 3/16 ಇಂಚು ಒಳವ್ಯಾಸದ ಕೊಳವೆಯನ್ನು ನೀವು ಎಷ್ಟು ಉದ್ದ ಇಟ್ಟುಕೊಂಡಿದ್ದೀರಿ? 30 ಪಿಎಸ್‌ಐ ಕೊಟ್ಟು ಕೆಗ್ ಕುಲುಕಿ ಒಂದೇ ದಿನದಲ್ಲಿ ಗ್ಯಾಸ್ ಏರಿಸುವ ದಾರಿ ನನಗೆ ಹಿಡಿಸದು. ವಾರಗಟ್ಟಲೆ ಕಾಯಲು ಸಿದ್ಧನಿದ್ದೇನೆ.

ಊರಿನಿಂದ ಅಮ್ಮ ಕಳುಹಿಸಿದ ಮೊಳಕೆ ರಾಗಿಯೂ ಇದೆ. ಬಾರ್ಲಿಯ ಜೊತೆ ರಾಗಿ ಬೆರೆಸಿ ಬಿಯರ್ ಮಾಡಿದವರಿದ್ದರೆ ಎಷ್ಟು ಪಾಲು ಹಾಕಿದಿರಿ, ಸೋಸುವಾಗ ಕಟ್ಟಿಕೊಂಡಿತೇ ಎಂಬುದನ್ನು ದಯವಿಟ್ಟು ತಿಳಿಸಿ.