ಔಷಧಿ ಹೊಡೆಯೋ ವಿಮಾನ ಇಂಧನ ಮುಗಿದು ಬೀಳೋದು ಹೇಗೆ?

ಮದ್ದೂರು ಡ್ರೋನ್:
ಮದ್ದೂರು ಸುತ್ತಮುತ್ತ ಕಬ್ಬು, ಭತ್ತಕ್ಕೆ ಡ್ರೋನಲ್ಲಿ ಔಷಧಿ ಹೊಡೀತೀನಿ. ಅಮೆರಿಕದಲ್ಲಿ ಇದೇ ಕೆಲಸ ಮಾಡೋ ಪುಟ್ಟ ವಿಮಾನಗಳ ಅಪಘಾತದ ವರದಿ ಓದ್ತಿದ್ದೆ. ಕೆಲವದರಲ್ಲಿ ಕಾರಣ ಬರೀ ‘ಇಂಧನ ಖಾಲಿ’. ನನ್ನ ಡ್ರೋನೇ ಬ್ಯಾಟರಿ ಇಳಿದ್ರೆ ಕಿರುಚಿಕೊಂಡು ವಾಪಸ್ ಬರುತ್ತೆ. ಪೈಲಟ್ ಒಳಗೇ ಕೂತಿದ್ದೂ ಗೇಜ್ ನೋಡಲ್ವಾ?

ಹ್ಯಾಂಗರ್ ತಾತ, ಮೈಸೂರು:
ನೋಡಪ್ಪ, ಸಣ್ಣ ವಿಮಾನಗಳ ರಿಪೇರಿಯಲ್ಲೇ ನನ್ನ ತಲೆ ಬೆಳ್ಳಗಾಗಿರೋದು. ಪೈಲಟ್ ಬೇಜವಾಬ್ದಾರಿ ಅಂದುಬಿಡೋದು ಸುಲಭ. ಔಷಧಿ ಹೊಡೆಯೋಕೆ ಬಳಸೋ ಏರ್ ಟ್ರಾಕ್ಟರ್ 802 ಅನ್ನೋ ವಿಮಾನದಲ್ಲಿ ಔಷಧಿ ಟ್ಯಾಂಕೇ ಹೆಚ್ಚುಕಮ್ಮಿ 3,000 ಲೀಟರ್. ಹೊರೋ ತೂಕಕ್ಕೆ ಮಿತಿ ಇದೆ; ಇಂಧನ ಜಾಸ್ತಿ ಹಾಕಿದ್ರೆ ಔಷಧಿ ಕಮ್ಮಿ ಮಾಡ್ಬೇಕು. ದುಡ್ಡು ಹುಟ್ಟೋದು ಎಕರೆಯಿಂದ, ಬೇಕಾದಷ್ಟೇ ಹಾಕ್ಕೊಂಡು ಏಳ್ತಾರೆ.

ಇನ್ನು ಗೇಜು. ಸಮತಟ್ಟಾಗಿ ಹಾರುವಾಗ, ಬಳಸೋಕೆ ಸಿಗೋ ಇಂಧನ ಮುಗಿದಾಗ ಮುಳ್ಳು ಸೊನ್ನೆಗೆ ಬರ್ಬೇಕು ಅನ್ನೋದು ಅಲ್ಲಿನ ನಿಯಮ. ಈ ವಿಮಾನ ಸಮತಟ್ಟಾಗಿ ಎಲ್ಲಿ ಹಾರುತ್ತೆ ಹೇಳು? ಗದ್ದೆ ತುದಿ ಬಂತು, ಮೇಲಕ್ಕೆಳಿ, ವಾಲಿಸಿ ತಿರುಗಿಸು, ಮತ್ತೆ ಇಳಿ. ರೆಕ್ಕೆಯೊಳಗೆ ಇಂಧನ ಹೊಯ್ದಾಡುತ್ತೆ, ಮುಳ್ಳೂ ಜತೆಗೆ ಕುಣಿಯುತ್ತೆ. ತಳದಲ್ಲಿ ಸ್ವಲ್ಪವೇ ಉಳಿದಿದ್ರೆ ತಿರುವಿನಲ್ಲಿ ಪೈಪಿನ ಬಾಯಿಗೆ ಗಾಳಿ ಸಿಗುತ್ತೆ, ಎಂಜಿನ್ ಕೆಮ್ಮುತ್ತೆ. ವರದಿಯಲ್ಲಿ ಇದನ್ನ ಬೇರೆಯೇ ಬರೀತಾರೆ: ಟ್ಯಾಂಕಲ್ಲಿತ್ತು, ಎಂಜಿನ್‌ಗೆ ತಲುಪಲಿಲ್ಲ ಅಂತ.

ಅಂದ ಹಾಗೆ, ನಮ್ಮ ಎಚ್‌ಎಎಲ್ 1972ರಲ್ಲೇ ‘ಬಸಂತ್’ ಅನ್ನೋ ಔಷಧಿ ವಿಮಾನ ಹಾರಿಸಿತ್ತು. ಈಗಿನವರು ಕೇಳೇ ಇರಲ್ಲ.

ಪಾಂಡವಪುರದವ:
ಇಂತಿಷ್ಟು ಹೊತ್ತಿಗಾಗೋ ಇಂಧನ ಮಿಗಿಸಿಕೊಳ್ಳಬೇಕು ಅಂತ ರೂಲ್ ಇಲ್ವಾ ಸಾರ್?

ಹ್ಯಾಂಗರ್ ತಾತ, ಮೈಸೂರು:
ಇದೆಯಪ್ಪ. ಅಮೆರಿಕದಲ್ಲಿ ಹಗಲು ಪೈಲಟ್ ಹೊರಗೆ ಕಣ್ಣಲ್ಲಿ ನೋಡ್ಕೊಂಡು ಹಾರಿಸೋ ಹಾರಾಟಕ್ಕೆ 30 ನಿಮಿಷದ್ದು. ಆದ್ರೆ ಅದು ಮಾಮೂಲಿ ವೇಗದಲ್ಲಿ ನೆಟ್ಟಗೆ ಹೋಗೋ ಲೆಕ್ಕ. ತುಂಬಿದ ಔಷಧಿ ಟ್ಯಾಂಕ್ ಹೊತ್ತು ಪದೇಪದೇ ಏರೋ ಎಂಜಿನ್ ಕುಡಿಯೋದೇ ಬೇರೆ.

ಮದ್ದೂರು ಡ್ರೋನ್:
ಹರಿಯೋ ಇಂಧನ ಅಳೆಯೋ ಮೀಟರ್ ಇರುತ್ತಂತಲ್ಲ ಸಾರ್, ಅದನ್ನಾದ್ರೂ ನಂಬಬಹುದಾ?

ಹ್ಯಾಂಗರ್ ತಾತ, ಮೈಸೂರು:
ಅದು ಟ್ಯಾಂಕನ್ನ ನೋಡೋದೇ ಇಲ್ಲ. ಪೈಲಟ್ ಒತ್ತಿದ ಅಂಕಿಯಿಂದ ಖರ್ಚಾದದ್ದನ್ನ ಕಳೀತಾ ಹೋಗುತ್ತೆ, ಅಷ್ಟೇ. ಅರ್ಧ ತುಂಬಿಸಿ ‘ಫುಲ್’ ಅಂತ ಒತ್ತಿದ್ರೆ ಅದೂ ಹಾಗೇ ನಂಬುತ್ತೆ. ಮುಚ್ಚಳ ತೆಗೆದು ಕಡ್ಡಿ ಇಳಿಸಿ ನೋಡ್ಬೇಕು, ಅದೂ ವಿಮಾನ ಮಟ್ಟಸವಾಗಿ ನಿಂತಿರುವಾಗ. ಹೊಲದ ಪಕ್ಕದ ಮಣ್ಣಿನ ರನ್‌ವೇ ಒಂದು ಕಡೆ ಇಳಿಜಾರಿದ್ರೆ ಕಡ್ಡಿಯ ಲೆಕ್ಕವೂ ತಪ್ಪುತ್ತೆ.